ಹಝ್ರತ್ ಉಸ್ಮಾನ್(ರ) ಸುಡಿಸಿದ ಪ್ರತಿಗಳು

ಆರ್.ಟಿ. ನಗರದ ನಮ್ಮ ಮನೆಯಲ್ಲಿ ಹರಿದ ಕುರ್‌ಆನ್ ಪ್ರತಿಯನ್ನು ಶುಭ್ರ ಬಟ್ಟೆಯಲ್ಲಿ ಸುತ್ತಿ, ಯಾರೂ ತುಳಿಯದ ಕಡೆ ಹೂಳಲು ಕೊಡುತ್ತೇವೆ. ಹಾಗಾಗಿ ಹಝ್ರತ್ ಉಸ್ಮಾನ್(ರ) ಪ್ರತಿಗಳನ್ನು ಸುಡಿಸಿದರೆಂದು ಓದಿ ಬೆಚ್ಚಿದೆ. ಅವರು ಮಕ್ಕಾದ ಶ್ರೀಮಂತ ವ್ಯಾಪಾರಿ, ಪ್ರವಾದಿ(ಸ)ಯವರ ಅಳಿಯ, ಕ್ರಿ.ಶ. 644ರಲ್ಲಿ ಮೂರನೆಯ ಖಲೀಫರಾದರು. ಶಾಮ್ ಮತ್ತು ಇರಾಕಿನ ಸೈನಿಕರು ಪಾರಾಯಣದ ವ್ಯತ್ಯಾಸಕ್ಕೆ ಜಗಳವಾಡುತ್ತಿದ್ದಾರೆಂದು ಹುದೈಫಾ(ರ) ಬಂದು ಎಚ್ಚರಿಸಿದರು. ಉಸ್ಮಾನ್(ರ) ಹಝ್ರತ್ ಹಫ್ಸಾ(ರ) ಬಳಿಯಿದ್ದ ಹಾಳೆಗಳನ್ನು ತರಿಸಿ, ಝೈದ್ ಬಿನ್ ಸಾಬಿತ್(ರ) ಮತ್ತಿತರರಿಂದ ಪ್ರತಿ ಮಾಡಿಸಿ ಪ್ರಾಂತ್ಯಗಳಿಗೆ ಕಳುಹಿಸಿದರು, ಉಳಿದವನ್ನು ಸುಡಿಸಿದರು. ಅಗೌರವದಿಂದಲ್ಲ, ಸಮುದಾಯ ಒಡೆಯದಿರಲೆಂದು. ನಮ್ಮ ಹನಫಿ ಉಲಮಾಗಳು ಹೂಳುವುದೇ ಮೇಲೆನ್ನುತ್ತಾರೆ. ಸುಡಬಹುದೆನ್ನುವವರು ಈ ಘಟನೆಯನ್ನೇ ಮುಂದಿಡುತ್ತಾರೆ. 656ರಲ್ಲಿ ಮದೀನಾದ ಮನೆಯಲ್ಲಿ ಕುರ್‌ಆನ್ ಓದುತ್ತಿದ್ದಾಗಲೇ ದಂಗೆಕೋರರು ಅವರನ್ನು ಕೊಂದರು.