ಲಿನೇಯಸ್ ಟ್ರೈಪ್: ಛಾಯಾಚಿತ್ರ, ದಾಖಲೆ ಮತ್ತು ಪಾಠಾಂತರ

ಕರ್ನಾಟಕದ ದೇವಾಲಯಗಳನ್ನು ಕುರಿತ ನಮ್ಮ ಗ್ರಂಥಗಳಲ್ಲಿ ಹತ್ತೊಂಬತ್ತನೆಯ ಶತಮಾನದ ಛಾಯಾಚಿತ್ರಗಳು ಆಗಾಗ ಕಾಣಿಸಿಕೊಳ್ಳುತ್ತವೆ. ಅವುಗಳ ಕೆಳಗೆ ಸ್ಥಳದ ಹೆಸರು, ಹೆಚ್ಚೆಂದರೆ ಒಂದು ಇಸವಿ ಇರುತ್ತದೆ. ತಾಳೆಗರಿಯ ಪಾಠವೊಂದನ್ನು ಕೈಗೆತ್ತಿಕೊಂಡಾಗ ಲಿಪಿಕಾರ ಯಾರು, ಬರೆಸಿದವರು ಯಾರು, ಇದು ಯಾವ ಪ್ರತಿಯ ಪ್ರತಿ, ಎಲ್ಲಿ ತಿದ್ದಲಾಗಿದೆ ಎಂಬ ಪ್ರಶ್ನೆಗಳನ್ನು ತಪ್ಪದೆ ಕೇಳುವ ನಾವು, ಛಾಯಾಚಿತ್ರದ ಮುಂದೆ ಮಾತ್ರ ಮೌನವಾಗುತ್ತೇವೆ. ಯಂತ್ರ ಕಂಡದ್ದು ಸುಳ್ಳಾಗಲಾರದು ಎಂಬ ನಂಬಿಕೆ ಈ ಮೌನದ ಹಿಂದೆ ಕೆಲಸ ಮಾಡುತ್ತಿರುತ್ತದೆ. ದಕ್ಷಿಣ ಭಾರತ ಮತ್ತು ಬರ್ಮಾ ದೇಶಗಳ ನಗರ, ಬೆಟ್ಟ, ಗುಡಿ, ಉತ್ಸವಮಂಟಪಗಳನ್ನು ಸೆರೆಹಿಡಿದ ಲಿನೇಯಸ್ ಟ್ರೈಪ್‌ನ ಜೀವನವನ್ನು ಈ ನಂಬಿಕೆಯ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಸೈನಿಕ ಮತ್ತು ಕ್ಯಾಮೆರಾ

ಟ್ರೈಪ್ ಹುಟ್ಟಿದ್ದು 1822ರ ಏಪ್ರಿಲ್ 14ರಂದು, ಇಂಗ್ಲೆಂಡಿನ ಡೆವನ್ ಪ್ರಾಂತದ ಬಂದರುಪಟ್ಟಣವಾದ ಡೆವನ್‌ಪೋರ್ಟಿನಲ್ಲಿ. ಹದಿಹರೆಯದಲ್ಲೇ ಈಸ್ಟ್ ಇಂಡಿಯಾ ಕಂಪನಿಯ ಸೇನೆಗೆ ಸೇರಿದ ಆತ 1839ರಲ್ಲಿ ಮದರಾಸಿನ 12ನೆಯ ದೇಶೀಯ ಪದಾತಿದಳದ ಅಧಿಕಾರಿಯಾದ. 1840ರ ದಶಕವಿಡೀ ದಕ್ಷಿಣ ಭಾರತದ ಸೇನಾನೆಲೆಗಳಲ್ಲಿ ಕಳೆದು, ದಶಕದ ಕೊನೆಗೆ ದೀರ್ಘ ರಜೆಯ ಮೇಲೆ ತವರಿಗೆ ಮರಳಿದ. ಅನಾರೋಗ್ಯದ ಕಾರಣದಿಂದ ಈ ರಜೆ 1854ರವರೆಗೂ ಮುಂದುವರಿಯಿತು. ಆತನ ಬದುಕಿನ ದಿಕ್ಕು ಬದಲಾದದ್ದು ಈ ಬಿಡುವಿನಲ್ಲಿ.

ಆಗಿನ್ನೂ ಛಾಯಾಗ್ರಹಣಕ್ಕೆ ಹದಿನೈದು ವರ್ಷಗಳೂ ತುಂಬಿರಲಿಲ್ಲ. 1853ರಲ್ಲಿ ಸ್ಥಾಪನೆಯಾದ ಲಂಡನ್ನಿನ ಛಾಯಾಗ್ರಹಣ ಸಂಘಕ್ಕೆ ಟ್ರೈಪ್ ಅದೇ ವರ್ಷ ಸದಸ್ಯನಾದ. ಆತ ಆರಿಸಿಕೊಂಡದ್ದು ಕಾಗದದ ನೆಗೆಟಿವ್ ವಿಧಾನ. ತೆಳುವಾದ ಕಾಗದಕ್ಕೆ ಮೇಣ ಹಚ್ಚಿ, ಬೆಳ್ಳಿಯ ಲವಣಗಳಿಂದ ಅದನ್ನು ಬೆಳಕಿಗೆ ಸ್ಪಂದಿಸುವಂತೆ ಮಾಡಿ, ಒಣಗಿಸಿ ಇಟ್ಟುಕೊಳ್ಳಬಹುದಾಗಿತ್ತು. ಗಾಜಿನ ಫಲಕಗಳಿಗೆ ಹೋಲಿಸಿದರೆ ಇದು ಹಗುರ, ಒಡೆಯುವ ಭಯವಿಲ್ಲ, ಮೊದಲೇ ಸಿದ್ಧಪಡಿಸಿಕೊಂಡು ಪ್ರಯಾಣ ಹೊರಡಬಹುದು. ಎತ್ತಿನ ಗಾಡಿಯಲ್ಲಿ ನೂರಾರು ಮೈಲಿ ಸಾಗಬೇಕಾದವನಿಗೆ ಇವು ಸಣ್ಣ ಅನುಕೂಲಗಳಲ್ಲ. ಆದರೆ ಈ ವಿಧಾನಕ್ಕೆ ಎರಡು ಮಿತಿಗಳಿದ್ದವು. ಚಿತ್ರ ಮೂಡಲು ನಿಮಿಷಗಟ್ಟಲೆ ಬೆಳಕು ಬೀಳಬೇಕಾಗಿದ್ದುದರಿಂದ ಚಲಿಸುವ ಯಾವುದೂ ದಾಖಲಾಗುತ್ತಿರಲಿಲ್ಲ. ನೀಲಿಬಣ್ಣಕ್ಕೆ ಅತಿಯಾಗಿ ಸ್ಪಂದಿಸುತ್ತಿದ್ದುದರಿಂದ ಆಕಾಶ ಬರಿಯ ಬಿಳಿಯ ಹಾಳೆಯಾಗುತ್ತಿತ್ತು. ಟ್ರೈಪ್‌ನ ಚಿತ್ರಗಳ ಬಹುಪಾಲು ವೈಶಿಷ್ಟ್ಯಗಳು ಈ ಎರಡು ಮಿತಿಗಳೊಂದಿಗೆ ಆತ ನಡೆಸಿದ ವ್ಯವಹಾರದಿಂದಲೇ ಹುಟ್ಟಿದವು.

2. ಬೇಲೂರು, ಹಳೇಬೀಡು, ಶ್ರವಣಬೆಳಗೊಳ

1854ರ ಜೂನ್ ತಿಂಗಳಲ್ಲಿ ಕ್ಯಾಪ್ಟನ್ ಆಗಿ ಟ್ರೈಪ್ ಬೆಂಗಳೂರಿಗೆ ಬಂದ. ಮೈಸೂರು ಆಗ ಕಮಿಷನರ್ ಮಾರ್ಕ್ ಕಬ್ಬನ್ನನ ಆಡಳಿತದಲ್ಲಿತ್ತು. ಅದೇ ಡಿಸೆಂಬರಿನಲ್ಲಿ ಸೇನೆಯ ವೈದ್ಯನೂ ಹವ್ಯಾಸಿ ಛಾಯಾಗ್ರಾಹಕನೂ ಆಗಿದ್ದ ಆಂಡ್ರೂ ನೀಲ್‌ನೊಡನೆ ಆತ ಬೇಲೂರು, ಹಳೇಬೀಡು ಮತ್ತು ಶ್ರವಣಬೆಳಗೊಳಗಳಿಗೆ ಪ್ರವಾಸ ಹೊರಟ. ಇದು ಸರ್ಕಾರದ ಆದೇಶದಿಂದ ನಡೆದ ಕೆಲಸವಲ್ಲ. ಸ್ವಂತ ಆಸಕ್ತಿಯ ಪ್ರಯಾಣ. ಹೊಯ್ಸಳ ಶಿಲ್ಪಗಳ ತಿಳಿದಿರುವ ಅತ್ಯಂತ ಹಳೆಯ ಛಾಯಾಚಿತ್ರಗಳ ಸಾಲಿಗೆ ಈ ಪ್ರವಾಸದ ಫಲ ಸೇರುತ್ತದೆ.

1855ರಲ್ಲಿ ಮದರಾಸಿನಲ್ಲಿ ದಕ್ಷಿಣ ಭಾರತದ ಕಚ್ಚಾವಸ್ತು, ಕಲೆ ಮತ್ತು ಕೈಗಾರಿಕೆಗಳ ಪ್ರದರ್ಶನ ಏರ್ಪಟ್ಟಾಗ ಟ್ರೈಪ್ ಅಲ್ಲಿ 68 ಚಿತ್ರಗಳನ್ನು ಪ್ರದರ್ಶಿಸಿ ತೀರ್ಪುಗಾರರ ಮೆಚ್ಚುಗೆಗೆ ಪಾತ್ರನಾದ. ಹತ್ತಿ, ಎಣ್ಣೆಬೀಜ, ನೇಯ್ಗೆಗಳ ಜೊತೆಯಲ್ಲಿ ಹೊಯ್ಸಳ ಗುಡಿಗಳ ಚಿತ್ರಗಳೂ ಪ್ರದರ್ಶನದ ವಸ್ತುಗಳಾದುದು ಆಕಸ್ಮಿಕವಲ್ಲ. ನಾಡಿನ ಸಂಪತ್ತನ್ನು ಎಣಿಸಿ ಪಟ್ಟಿಮಾಡುವ ವಸಾಹತು ಪ್ರಭುತ್ವದ ನೋಟಕ್ರಮದಲ್ಲಿ ಎರಡಕ್ಕೂ ಸ್ಥಾನವಿತ್ತು. ಒಬ್ಬ ಹವ್ಯಾಸಿಯ ಕಣ್ಣು ಸರ್ಕಾರದ ಕಣ್ಣಾಗುವ ಹಾದಿ ಇಲ್ಲಿಂದ ಆರಂಭವಾಗುತ್ತದೆ.

3. ಬರ್ಮಾ: ತಿದ್ದಿದ ಆಕಾಶ

1852ರ ಕೊನೆಯಲ್ಲಿ ಬ್ರಿಟಿಷರು ಬರ್ಮಾದ ಪೆಗು ಪ್ರಾಂತವನ್ನು ವಶಪಡಿಸಿಕೊಂಡಿದ್ದರು. ಈ ಸ್ವಾಧೀನಕ್ಕೆ ದೊರೆ ಮಿಂಡೋನನ ಒಪ್ಪಿಗೆಯ ಮುದ್ರೆ ಪಡೆಯುವ ಆಸೆಯಿಂದ ಗವರ್ನರ್ ಜನರಲ್ ಡಾಲ್‌ಹೌಸಿ 1855ರಲ್ಲಿ ಆರ್ಥರ್ ಫೇರ್‌ನ ನೇತೃತ್ವದಲ್ಲಿ ನಿಯೋಗವೊಂದನ್ನು ರಾಜಧಾನಿ ಅಮರಪುರಕ್ಕೆ ಕಳಿಸಿದ. ನಿಯೋಗದ ಕಾರ್ಯದರ್ಶಿ ಹೆನ್ರಿ ಯೂಲ್, ಚಿತ್ರಕಾರ ಕೋಲ್ಸ್‌ವರ್ದಿ ಗ್ರಾಂಟ್, ಛಾಯಾಗ್ರಾಹಕ ಟ್ರೈಪ್. ಆಗಸ್ಟ್ ತಿಂಗಳಲ್ಲಿ ಇರಾವತಿ ನದಿಯಲ್ಲಿ ಮೇಲ್ಮುಖವಾಗಿ ಹೊರಟ ಈ ಪಯಣದಲ್ಲಿ ಪ್ರೋಮ್, ಪಗಾನ್, ಅಮರಪುರ, ಸಗಾಯಿಂಗ್, ಮಿಂಗುನ್‌ಗಳ ಪಗೋಡ, ವಿಹಾರ, ಸೇತುವೆ, ಬೀದಿಗಳನ್ನು ಟ್ರೈಪ್ ಇನ್ನೂರಕ್ಕೂ ಮಿಕ್ಕ ಕಾಗದದ ನೆಗೆಟಿವ್‌ಗಳಲ್ಲಿ ದಾಖಲಿಸಿದ. ಅಷ್ಟು ವಿಸ್ತಾರವಾಗಿ ಬರ್ಮಾವನ್ನು ಛಾಯಾಚಿತ್ರಗಳಲ್ಲಿ ಕಟ್ಟಿಕೊಟ್ಟವರು ಆತನಿಗಿಂತ ಮೊದಲು ಯಾರೂ ಇರಲಿಲ್ಲ. ದೊರೆ ಒಪ್ಪಂದಕ್ಕೆ ಸಹಿ ಹಾಕಲಿಲ್ಲ. ರಾಜಕೀಯವಾಗಿ ನಿಯೋಗ ಬರಿಗೈಯಲ್ಲಿ ಮರಳಿತು. ಉಳಿದದ್ದು ಯೂಲ್‌ನ ವರದಿ ಮತ್ತು ಚಿತ್ರಗಳು. 1857ರಲ್ಲಿ ಮಿಂಡೋನ್ ಮಂಡಾಲೆಯನ್ನು ಸ್ಥಾಪಿಸಿ ರಾಜಧಾನಿಯನ್ನು ಅಲ್ಲಿಗೆ ಸಾಗಿಸಿದಾಗ ಅಮರಪುರದ ಮರದ ಕಟ್ಟಡಗಳಲ್ಲಿ ಅನೇಕವನ್ನು ಬಿಚ್ಚಿ ಒಯ್ಯಲಾಯಿತು. ಟ್ರೈಪ್‌ನ ಚಿತ್ರಗಳು ತೆಗೆದ ಎರಡು ವರ್ಷಗಳೊಳಗೇ ಇಲ್ಲವಾಗತೊಡಗಿದ ಒಂದು ನಗರದ ದಾಖಲೆಗಳಾದವು.

ಬೆಂಗಳೂರಿಗೆ ಮರಳಿದ ಮೇಲೆ 120 ಚಿತ್ರಗಳನ್ನು ಆರಿಸಿ, ತಲಾ 50 ಪ್ರತಿಗಳಂತೆ ಮುದ್ರಿಸುವ ಕಾರ್ಯ ನಡೆಯಿತು. ಎಂದರೆ ಒಟ್ಟು 6000 ಮುದ್ರಣಗಳು. ಪ್ರತಿಯೊಂದನ್ನೂ ನೆಗೆಟಿವ್‌ನ ಅಡಿಯಲ್ಲಿಟ್ಟು ಬಿಸಿಲಿಗೆ ಒಡ್ಡಿ, ತೊಳೆದು, ಒಣಗಿಸಬೇಕಾಗಿತ್ತು. ಬರ್ಮಾದ ಮೊದಲ ಬೃಹತ್ ಚಿತ್ರಸಂಪುಟ ಬೆಂಗಳೂರಿನ ಬಿಸಿಲಿನಲ್ಲಿ ರೂಪುಗೊಂಡಿತೆಂಬುದು ಈ ನಾಡಿನ ಮುದ್ರಣಚರಿತ್ರೆಯನ್ನು ಬರೆಯುವವರು ಗಮನಿಸಬೇಕಾದ ಸಂಗತಿ.

ಈ ಸಂಪುಟದ ಆಕಾಶಗಳನ್ನು ವಿಶೇಷವಾಗಿ ಪರಿಶೀಲಿಸಬೇಕು. ಪ್ರಯಾಣ ನಡೆದದ್ದು ಮಳೆಗಾಲದಲ್ಲಿ. ಮೋಡಗಳು ಕಣ್ಣೆದುರಿಗೇ ಇದ್ದರೂ ಕಾಗದಕ್ಕೆ ಇಳಿಯುತ್ತಿರಲಿಲ್ಲ. ಆದರೂ ಅನೇಕ ಚಿತ್ರಗಳಲ್ಲಿ ಪಗೋಡಗಳ ಹಿಂದೆ ತೆಳುವಾದ ಮೋಡಗಳಿವೆ. ಅವು ಟ್ರೈಪ್ ನೆಗೆಟಿವ್‌ಗಳ ಮೇಲೆ ಬಣ್ಣದಿಂದ ಬರೆಸಿ ಮೂಡಿಸಿದವು. ಗಾಳಿಗೆ ಅಲುಗಿ ಮಸುಕಾದ ಎಲೆಗಳಿಗೂ ಸ್ಪಷ್ಟತೆ ಕಳೆದುಕೊಂಡ ನೀರಿನ ಮೇಲ್ಮೈಗೂ ಇದೇ ರೀತಿ ತಿದ್ದುಪಡಿ ನಡೆದಿದೆ. ಕಟ್ಟಡದ ಅಳತೆ, ಅಂಚು, ಶಿಲ್ಪವಿವರಗಳ ವಿಷಯದಲ್ಲಿ ಮೋಜಣಿದಾರನ ಶಿಸ್ತು ತೋರುವ ಅದೇ ಕೈ, ಆಕಾಶದ ವಿಷಯಕ್ಕೆ ಬಂದಾಗ ಚಿತ್ರಕಾರನ ಸ್ವಾತಂತ್ರ್ಯವನ್ನು ವಹಿಸಿಕೊಂಡಿದೆ.

ಇದನ್ನು ಕೇವಲ ವಂಚನೆಯೆಂದು ಕರೆಯುವುದು ಸುಲಭ, ಕೇವಲ ಕಲೆಯೆಂದು ಹೊಗಳುವುದೂ ಅಷ್ಟೇ ಸುಲಭ. ಗ್ರಂಥಸಂಪಾದನೆಯ ಪರಿಭಾಷೆಯಲ್ಲಿ ಹೇಳುವುದಾದರೆ ಇದು ಪ್ರಕ್ಷೇಪ. ಆದರೆ ನಂತರದ ಲಿಪಿಕಾರ ಸೇರಿಸಿದ ಪ್ರಕ್ಷೇಪವಲ್ಲ; ಪಾಠದ ಕರ್ತೃವೇ ತನ್ನ ಮೂಲಪ್ರತಿಯಲ್ಲಿ ಮಾಡಿದ ಸೇರ್ಪಡೆ. ಯಂತ್ರ ಬಿಟ್ಟುಹೋದುದನ್ನು ತುಂಬುವ ಪ್ರಯತ್ನ ಇದಾದುದರಿಂದ ಇದನ್ನು ತೆಗೆದುಹಾಕಿದರೆ ಚಿತ್ರ ಹೆಚ್ಚು ಶುದ್ಧವಾಗುವುದಿಲ್ಲ, ಹೆಚ್ಚು ಬರಿದಾಗುತ್ತದೆ. ಅದೇ ವೇಳೆ ಆ ಮೋಡಗಳನ್ನು ಆ ದಿನದ ಹವೆಯ ಸಾಕ್ಷ್ಯವೆಂದು ಬಳಸುವಂತೆಯೂ ಇಲ್ಲ.

4. ಮದರಾಸ್ ಸರ್ಕಾರದ ಛಾಯಾಗ್ರಾಹಕ

1856ರಲ್ಲಿ ಮದರಾಸ್ ಸರ್ಕಾರ ಟ್ರೈಪ್‌ನನ್ನು ಪ್ರಾಂತದ ಛಾಯಾಗ್ರಾಹಕನನ್ನಾಗಿ ನೇಮಿಸಿತು. 1857ರ ಡಿಸೆಂಬರಿನಲ್ಲಿ, ಉತ್ತರ ಭಾರತ ಬಂಡಾಯದಲ್ಲಿ ಉರಿಯುತ್ತಿದ್ದಾಗ, ಆತ ಬೆಂಗಳೂರಿನಿಂದ ದಕ್ಷಿಣದ ದೀರ್ಘ ಪ್ರವಾಸಕ್ಕೆ ಹೊರಟ. ರಾಯಕೋಟೆಯ ಬೆಟ್ಟ, ಶ್ರೀರಂಗ, ತಿರುಚಿರಾಪಳ್ಳಿಯ ಬಂಡೆ, ಪುದುಕೋಟೆ, ಮಧುರೆ, ತಂಜಾವೂರು ಈ ಪ್ರವಾಸದ ಘಟ್ಟಗಳು. ಹೈದರ್ ಮತ್ತು ಟಿಪ್ಪು ಕಾಲದ ಯುದ್ಧಗಳಲ್ಲಿ ಕೈಬದಲಾಯಿಸಿದ ರಾಯಕೋಟೆಯ ನೆತ್ತಿಯಿಂದ ತೆಗೆದ ದೃಶ್ಯದಲ್ಲಿ ಬಯಲು ದಿಗಂತದವರೆಗೆ ಹರಡಿಕೊಂಡಿದೆ. ಸೈನಿಕನ ಆಯಕಟ್ಟಿನ ನೋಟ ಮತ್ತು ಪ್ರವಾಸಿಯ ಬೆರಗಿನ ನೋಟ ಅಲ್ಲಿ ಬೇರ್ಪಡಿಸಲಾಗದಂತೆ ಬೆರೆತಿವೆ.

ಮಧುರೆಯ ಚಿತ್ರಗಳು ನಾಲ್ಕು ಭಾಗಗಳಲ್ಲಿ ಪ್ರಕಟವಾದವು. ವಿಜಯನಗರದ ಅಧೀನದಲ್ಲಿ ತಲೆಯೆತ್ತಿದ ನಾಯಕ ಮನೆತನದ ತಿರುಮಲ ನಾಯಕ ವಸಂತೋತ್ಸವಕ್ಕಾಗಿ ಕಟ್ಟಿಸಿದ ಪುದುಮಂಟಪ, ತೆಪ್ಪೋತ್ಸವ ನಡೆಯುವ ತೆಪ್ಪಕುಳ, ಜೋಡಿಸಿಟ್ಟ ದೇವಾಲಯದ ಒಡವೆಗಳು ಇವುಗಳಲ್ಲಿ ಸೇರಿವೆ. ಇವೆಲ್ಲವೂ ಉತ್ಸವದ ಸ್ಥಳಗಳು, ಉತ್ಸವದ ವಸ್ತುಗಳು. ಆದರೆ ಉತ್ಸವ ಮಾತ್ರ ಎಲ್ಲಿಯೂ ಇಲ್ಲ. ಮಂಟಪದ ಸಾಲುಕಂಬಗಳ ನಡುವೆ ಜನರಿಲ್ಲ, ಕೊಳದಲ್ಲಿ ತೆಪ್ಪವಿಲ್ಲ, ಒಡವೆಗಳನ್ನು ತೊಟ್ಟ ದೇವತೆಯಿಲ್ಲ. ನಿಮಿಷಗಟ್ಟಲೆ ಬೆಳಕು ಬೇಡುವ ಕಾಗದಕ್ಕೆ ಜನಜಂಗುಳಿ ದಕ್ಕುತ್ತಿರಲಿಲ್ಲವೆಂಬುದು ಇದಕ್ಕೆ ಒಂದು ಕಾರಣ. ಕಟ್ಟಡಗಳನ್ನು ಪ್ರಾಚೀನ ಅವಶೇಷಗಳಂತೆ ನೋಡುವ ಸರ್ಕಾರದ ದೃಷ್ಟಿ ಇನ್ನೊಂದು ಕಾರಣ. ತಾಂತ್ರಿಕ ಮಿತಿ ಮತ್ತು ಆಡಳಿತದ ದೃಷ್ಟಿ ಹೀಗೆ ಒಂದನ್ನೊಂದು ಬೆಂಬಲಿಸಿದವು. ಪೂಜೆ, ಮೇಳ, ವ್ಯಾಪಾರಗಳಿಂದ ತುಂಬಿದ್ದ ಜೀವಂತ ಸ್ಥಳಗಳು ನಿರ್ಜನ ಸ್ಮಾರಕಗಳಾಗಿ ಕಾಣಿಸಿದವು. ಈ ಚಿತ್ರಗಳಿಂದ ಆ ಕಾಲದ ದೇವಾಲಯ ಸಂಸ್ಕೃತಿಯ ಅವನತಿಯನ್ನು ಊಹಿಸುವವರು ಕ್ಯಾಮೆರಾದ ದೌರ್ಬಲ್ಯವನ್ನು ಸಮಾಜದ ದೌರ್ಬಲ್ಯವೆಂದು ಓದಿದಂತಾಗುತ್ತದೆ.

ತಂಜಾವೂರಿನ ಬೃಹದೀಶ್ವರ ದೇವಾಲಯದಲ್ಲಿ ಟ್ರೈಪ್ ಕೈಗೊಂಡ ಕಾರ್ಯ ಶಾಸನಾಧ್ಯಯನದ ದೃಷ್ಟಿಯಿಂದ ಅಪೂರ್ವವಾದುದು. ವಿಮಾನದ ಅಧಿಷ್ಠಾನವನ್ನು ಸುತ್ತುವರಿದ ಶಾಸನಪಂಕ್ತಿಗಳನ್ನು ಆತ ಹಂತಹಂತವಾಗಿ ಚಿತ್ರಿಸಿ, 21 ಮುದ್ರಣಗಳನ್ನು ಒಂದಕ್ಕೊಂದು ಅಂಟಿಸಿ, ಸುಮಾರು 19 ಅಡಿ ಉದ್ದದ ಸುರುಳಿಯನ್ನು ಸಿದ್ಧಪಡಿಸಿದ. ಪ್ರತಿ ಸಲವೂ ಕ್ಯಾಮೆರಾದ ದೂರ ಮತ್ತು ಎತ್ತರವನ್ನು ಸಮನಾಗಿ ಕಾಯ್ದುಕೊಳ್ಳದಿದ್ದರೆ ಸಾಲುಗಳು ಕೂಡಿಕೊಳ್ಳುತ್ತಿರಲಿಲ್ಲ. ಇಲ್ಲಿ ಮೋಡಗಳಿಲ್ಲ, ಸೇರ್ಪಡೆಯ ಆಸೆಯೂ ಇಲ್ಲ. ಇರುವುದು ಪಾಠನಿಷ್ಠೆ ಮಾತ್ರ.

ಈ ವಿಧಾನದ ಫಲ ಕನ್ನಡಕ್ಕೂ ದೊರೆತದ್ದು ಸ್ವಲ್ಪ ತಡವಾಗಿ, ಬೇರೆಯವರ ಮೂಲಕ. 1860ರ ದಶಕದ ಮಧ್ಯದಲ್ಲಿ ಮೈಸೂರಿನ ಕಮಿಷನರ್ ಬೌರಿಂಗ್ ಮೇಜರ್ ಡಿಕ್ಸನ್ ಮೂಲಕ ಇಲ್ಲಿನ ಶಾಸನಗಳ ಛಾಯಾಚಿತ್ರಗಳನ್ನು ತೆಗೆಸಿದ. ಬಿ.ಎಲ್. ರೈಸ್ ಅವರ ಶಾಸನಾಧ್ಯಯನ ಆರಂಭವಾದದ್ದು ಈ ಚಿತ್ರಗಳ ಓದಿನಿಂದ. 1879ರಲ್ಲಿ ಅವರು ಪ್ರಕಟಿಸಿದ ಮೈಸೂರು ಶಾಸನಗಳ ಅನುವಾದಗ್ರಂಥ ಅದರ ಫಲ. ಎಪಿಗ್ರಾಫಿಯಾ ಕರ್ನಾಟಿಕದ ಹಿಂದೆ ಹೀಗೊಂದು ಛಾಯಾಗ್ರಹಣದ ಅಧ್ಯಾಯವಿದೆ. ಟ್ರೈಪ್‌ನೊಡನೆ ಹಳೇಬೀಡಿಗೆ ಹೋಗಿದ್ದ ನೀಲ್‌ನ ಚಿತ್ರಗಳೂ 1866ರಲ್ಲಿ ಧಾರವಾಡ ಮತ್ತು ಮೈಸೂರು ವಾಸ್ತುಶಿಲ್ಪವನ್ನು ಕುರಿತ, ಮೆಡೋಸ್ ಟೇಲರ್ ಮತ್ತು ಫರ್ಗುಸನ್ ಬರಹಗಳಿದ್ದ ಸಂಪುಟದಲ್ಲಿ ಪ್ರಕಟವಾದವು.

1858ರಲ್ಲಿ ಟ್ರೈಪ್ ಮದರಾಸಿನ ವಸ್ತುಸಂಗ್ರಹಾಲಯದಲ್ಲಿದ್ದ ಅಮರಾವತಿಯ ಶಿಲ್ಪಗಳನ್ನೂ ಚಿತ್ರಿಸಿದ. ಅವುಗಳನ್ನು ಅಮರಾವತಿಯಲ್ಲಿ ಉತ್ಖನನ ಮಾಡಿಸಿದವನು ವಾಲ್ಟರ್ ಎಲಿಯಟ್. ಧಾರವಾಡ ಭಾಗದಲ್ಲಿ ಅಧಿಕಾರಿಯಾಗಿದ್ದಾಗ ನೂರಾರು ಕನ್ನಡ ಶಾಸನಗಳ ಪ್ರತಿ ಮಾಡಿಸಿದವನೂ ಆತನೇ. ಆ ಶಿಲ್ಪಗಳಲ್ಲಿ ಬಹುಪಾಲು ಮುಂದೆ ಲಂಡನ್ನಿಗೆ ಸಾಗಿದವು.

5. ನಿಂತುಹೋದ ಕೆಲಸ

1859ರಲ್ಲಿ ಮದರಾಸಿಗೆ ಗವರ್ನರ್ ಆಗಿ ಬಂದ ಚಾರ್ಲ್ಸ್ ಟ್ರೆವೆಲಿಯನ್‌ಗೆ ಬಂಡಾಯದ ನಂತರದ ಹಣಕಾಸಿನ ಸ್ಥಿತಿಯಲ್ಲಿ ಛಾಯಾಗ್ರಹಣ ದುಬಾರಿ ಭೋಗವಾಗಿ ಕಂಡಿತು. ಆತನ ಆದೇಶದಿಂದ ಟ್ರೈಪ್‌ನ ಕಾರ್ಯಾಲಯ ಮುಚ್ಚುವ ಹಂತಕ್ಕೆ ಬಂದು, 1860ರ ವೇಳೆಗೆ ಎಲ್ಲವೂ ಮುಗಿಯಿತು. ಆರು ವರ್ಷಗಳೊಳಗೆ ಇಷ್ಟನ್ನು ಸಾಧಿಸಿದವನಿಗೆ ಆಗ ಮೂವತ್ತೆಂಟು ವರ್ಷ. ಆತ ಮತ್ತೆ ಈ ಪ್ರಮಾಣದಲ್ಲಿ ಕ್ಯಾಮೆರಾ ಹಿಡಿಯಲಿಲ್ಲ. ಸೇನಾ ವೃತ್ತಿಗೆ ಮರಳಿ, 1870ರ ದಶಕದಲ್ಲಿ ನಿವೃತ್ತನಾಗಿ, ಗೌರವ ಮೇಜರ್ ಜನರಲ್ ಪದವಿಯೊಡನೆ ಡೆವನ್‌ಪೋರ್ಟಿಗೆ ಹಿಂದಿರುಗಿದ. 1902ರ ಮಾರ್ಚ್ 2ರಂದು ಅಲ್ಲೇ ತೀರಿಕೊಂಡ. ದೀರ್ಘಕಾಲದ ಮರೆವಿನ ನಂತರ, 2014 ಮತ್ತು 2015ರಲ್ಲಿ ವಾಷಿಂಗ್ಟನ್, ನ್ಯೂಯಾರ್ಕ್ ಮತ್ತು ಲಂಡನ್ನಿನ ಪ್ರಮುಖ ವಸ್ತುಸಂಗ್ರಹಾಲಯಗಳಲ್ಲಿ ನಡೆದ ಪ್ರದರ್ಶನ ಆತನನ್ನು ಛಾಯಾಗ್ರಹಣದ ಆದ್ಯರ ಸಾಲಿನಲ್ಲಿ ನಿಲ್ಲಿಸಿತು.

ಟ್ರೈಪ್‌ನ ಈ ಮರುಶೋಧದಲ್ಲಿ ಇನ್ನೂ ಹಿನ್ನೆಲೆಯಲ್ಲೇ ಉಳಿದವರಿದ್ದಾರೆ. ಬೆಂಗಳೂರಿನಲ್ಲಿ ಸಾವಿರಾರು ಮುದ್ರಣಗಳನ್ನು ತೊಳೆದು ಒಣಗಿಸಿದ ಕೈಗಳು, ಗಾಡಿ ಹೊಡೆದವರು, ಮೇಣ ಹಚ್ಚಿದವರು. ಇವರಲ್ಲಿ ಅಯ್ಯಸ್ವಾಮಿ ಎಂಬ ದೇಶೀಯ ಸಹಾಯಕನ ಹೆಸರು ದಾಖಲೆಗೆ ಬಂದಿದೆ. ಉಳಿದವರು ಹೆಸರಿಲ್ಲದ ಲಿಪಿಕಾರರಂತೆ ಪಾಠದೊಳಗೇ ಕರಗಿಹೋಗಿದ್ದಾರೆ.

ಟ್ರೈಪ್‌ನ ಜೀವನ ನಮ್ಮ ಮುಂದಿಡುವ ಪ್ರಶ್ನೆ ಆತ ದೊಡ್ಡ ಕಲಾವಿದನೇ ಅಥವಾ ಪ್ರಭುತ್ವದ ಸೇವಕನೇ ಎಂಬುದಲ್ಲ. ಆತ ಎರಡೂ ಆಗಿದ್ದ. ಒಂದೇ ಕ್ಯಾಮೆರಾ ತಂಜಾವೂರಿನ ಶಾಸನದ ಮುಂದೆ ಅಕ್ಷರನಿಷ್ಠವಾಗಿಯೂ ಅಮರಪುರದ ಆಕಾಶದ ಮುಂದೆ ಸ್ವತಂತ್ರವಾಗಿಯೂ ಮಧುರೆಯ ಉತ್ಸವದ ಮುಂದೆ ಅಸಮರ್ಥವಾಗಿಯೂ ವರ್ತಿಸಿದೆ. ಆದುದರಿಂದ ಹಳೆಯ ಛಾಯಾಚಿತ್ರವನ್ನು ನಮ್ಮ ಸಂಶೋಧನೆಗಳಲ್ಲಿ ಬಳಸುವಾಗ ಅದು ಏನನ್ನು ಕಂಡಿದೆ, ಏನನ್ನು ಕಾಣಲಾರದೆ ಹೋಗಿದೆ, ಏನನ್ನು ಸೇರಿಸಿಕೊಂಡಿದೆ ಎಂಬ ಮೂರು ಪ್ರಶ್ನೆಗಳನ್ನೂ ಕೇಳಬೇಕಾಗುತ್ತದೆ. ಪಾಠಪರಿಷ್ಕರಣದ ದೀರ್ಘ ಪರಂಪರೆಯುಳ್ಳ ಕನ್ನಡ ವಿದ್ವತ್ತಿಗೆ ಇದು ಹೊಸ ವಿದ್ಯೆಯೇನಲ್ಲ. ಓಲೆಗರಿಗೆ ತೋರಿದ ಎಚ್ಚರವನ್ನು ಬೆಳಕಿನ ಕಾಗದಕ್ಕೂ ವಿಸ್ತರಿಸಿದರೆ ಸಾಕು.