ಕಾರಂತರ ಬಾಲವನ

ಕೋಟ ಶಿವರಾಮ ಕಾರಂತರ ಹೆಸರನ್ನು ಕೇಳದ ವಿದ್ಯಾರ್ಥಿ ನಮ್ಮ ಕಾಲೇಜಿನಲ್ಲಿ ಇರಲಾರ. ‘ಚೋಮನ ದುಡಿ’ಯನ್ನಾಗಲಿ ‘ಮರಳಿ ಮಣ್ಣಿಗೆ’ಯನ್ನಾಗಲಿ ಓದದವರು ಕೂಡ ಪರೀಕ್ಷೆಯ ದೆಸೆಯಿಂದ ಅವುಗಳ ಹೆಸರನ್ನಾದರೂ ಬಲ್ಲರು. ಜ್ಞಾನಪೀಠ ಪ್ರಶಸ್ತಿ ಪಡೆದ ಕನ್ನಡಿಗರ ಪಟ್ಟಿಯನ್ನು ಒಪ್ಪಿಸುವಾಗ ಕುವೆಂಪು, ಬೇಂದ್ರೆ ಆದೊಡನೆ ಕಾರಂತರ ಹೆಸರು ತಾನಾಗಿಯೇ ನಾಲಿಗೆಗೆ ಬರುತ್ತದೆ. ಆದರೆ ನಾನು ಇಲ್ಲಿ ಬರೆಯಹೊರಟಿರುವುದು ಕಾದಂಬರಿಕಾರ ಕಾರಂತರನ್ನು ಕುರಿತಲ್ಲ. ಪುತ್ತೂರಿನ ಗುಡ್ಡವೊಂದರ ಮೇಲೆ ಮಕ್ಕಳಿಗಾಗಿ ಒಂದು ಲೋಕವನ್ನು ಕಟ್ಟಲು ಹೊರಟ ಮೂವತ್ತು ಮೂವತ್ತೈದರ ತರುಣನನ್ನು ಕುರಿತು. ಪಾಠದ ಪುಸ್ತಕಗಳಲ್ಲಿ ಕವಿಪರಿಚಯದ ಕೊನೆಯ ಸಾಲಿನಲ್ಲಿ ಬಂದು ಹೋಗುವ ಬಾಲವನ ಎಂಬ ಹೆಸರಿನ ಹಿಂದೆ ಎಷ್ಟು ದುಡಿಮೆಯಿದೆ ಎಂಬುದು ಬಹಳ ಮಂದಿಗೆ ತಿಳಿಯದು.

ಕಾರಂತರು ೧೯೦೨ನೆಯ ಇಸವಿ ಅಕ್ಟೋಬರ್ ೧೦ರಂದು ಕೋಟದಲ್ಲಿ ಜನಿಸಿದರು. ತಂದೆ ಶೇಷ ಕಾರಂತರು, ತಾಯಿ ಲಕ್ಷ್ಮಮ್ಮನವರು. ಮಂಗಳೂರಿನಲ್ಲಿ ಕಾಲೇಜು ಸೇರಿದ್ದ ಹುಡುಗ ಗಾಂಧೀಜಿಯವರ ಅಸಹಕಾರದ ಕರೆಗೆ ಓಗೊಟ್ಟು ಓದನ್ನು ಬಿಟ್ಟ. ಖಾದಿ ಪ್ರಚಾರ, ಸಮಾಜ ಸುಧಾರಣೆ, ‘ವಸಂತ’ವೆಂಬ ಪತ್ರಿಕೆ, ನಾಟಕ, ಹೀಗೆ ಒಂದರ ಮೇಲೊಂದು ಹುಚ್ಚುಗಳು. ಮುಂದೆ ತಮ್ಮ ಆತ್ಮಕಥೆಗೆ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಎಂದು ಹೆಸರಿಟ್ಟರಲ್ಲವೆ? ಪದವಿಯಿಲ್ಲದ ಈ ಮನುಷ್ಯನಿಗೆ ವಿಶ್ವವಿದ್ಯಾನಿಲಯಗಳು ತಾವಾಗಿಯೇ ಡಾಕ್ಟರೇಟ್ ಕೊಟ್ಟವು. ಕಾಲೇಜನ್ನು ಬಿಟ್ಟವರೆಲ್ಲ ಹೀಗಾಗುತ್ತಾರೆಂದು ನನ್ನ ಮಿತ್ರರು ಭಾವಿಸಬಾರದು!

ಪುತ್ತೂರು ಅವರ ಕರ್ಮಭೂಮಿಯಾಯಿತು. ಅಲ್ಲಿ ಅವರಿಗೆ ದೊರೆತ ದೊಡ್ಡ ಆಸರೆ ಮೊಳಹಳ್ಳಿ ಶಿವರಾಯರು. ವೃತ್ತಿಯಿಂದ ವಕೀಲರಾದರೂ ದಕ್ಷಿಣ ಕನ್ನಡದಲ್ಲಿ ಸಹಕಾರಿ ಚಳವಳಿಯನ್ನು ಬೆಳೆಸಿದವರೆಂದೇ ಅವರನ್ನು ಆ ಜಿಲ್ಲೆ ನೆನೆಯುತ್ತದೆ. ಇವರ ಬೆಂಬಲದಿಂದ ಕಾರಂತರು ಪುತ್ತೂರಿನ ದಸರೆಯನ್ನು ನಾಡಹಬ್ಬವನ್ನಾಗಿ ನಡೆಸಿದರು. ಅದು ಮದರಾಸು ಪ್ರಾಂತಕ್ಕೆ ಸೇರಿದ್ದ ಪುಟ್ಟ ಊರು. ಅಲ್ಲಿಗೆ ಕನ್ನಡದ ಹಿರಿಯ ಸಾಹಿತಿಗಳು ಬಂದು ಮಾತನಾಡಿದರು. ದೊಡ್ಡವರಿಗೆ ಹಬ್ಬವಾಯಿತು. ಮಕ್ಕಳಿಗೇನು? ಕಾರಂತರನ್ನು ಕಾಡಿದ ಪ್ರಶ್ನೆ ಇದು.

ಈ ಪ್ರಶ್ನೆ ಆಗ ಜಗತ್ತಿನ ಹಲವೆಡೆ ಎದ್ದಿತ್ತು. ಅಮೆರಿಕದ ಬ್ರೂಕ್ಲಿನ್ ಎಂಬಲ್ಲಿ ೧೮೯೯ರಲ್ಲಿ ಮಕ್ಕಳಿಗಾಗಿಯೇ ಒಂದು ವಸ್ತುಸಂಗ್ರಹಾಲಯ ತೆರೆಯಿತು. ಆ ಬಗೆಯದರಲ್ಲಿ ಜಗತ್ತಿಗೇ ಮೊದಲನೆಯದು. ಎರಡು ವರ್ಷಗಳ ತರುವಾಯ ರವೀಂದ್ರರು ಶಾಂತಿನಿಕೇತನದಲ್ಲಿ ಮರದ ನೆರಳಿನ ಶಾಲೆಯನ್ನು ಆರಂಭಿಸಿದರು. ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಅವರು ೧೯೨೦ರಲ್ಲಿ ಬಾಲಮಂದಿರವನ್ನು ಸ್ಥಾಪಿಸಿದರು. ಕಾರಂತರ ಬಾಲವನ ಈ ಸಾಲಿಗೆ ಸೇರುವಂಥದು. ಆದರೆ ಬ್ರೂಕ್ಲಿನ್ನಿಗೆ ಒಂದು ಸಂಸ್ಥೆಯ ಬೆಂಬಲವಿತ್ತು, ರವೀಂದ್ರರಿಗೆ ತಂದೆಯವರ ಆಶ್ರಮದ ಜಾಗವಿತ್ತು. ಕಾರಂತರಿಗೆ ಇದ್ದದ್ದು ತಮ್ಮ ಲೇಖನಿ ಮತ್ತು ಎರಡು ತೋಳು.

೧೯೩೦ರ ದಶಕದಲ್ಲಿ ಪುತ್ತೂರಿನ ಪರ್ಲಡ್ಕದ ಗುಡ್ಡದ ಮೇಲೆ ಬಾಲವನ ತಲೆಯೆತ್ತಿತು. ಆಟ, ಹಾಡು, ಕುಣಿತ, ಚಿತ್ರ, ಗಿಡಮರ, ಇವುಗಳ ನಡುವೆ ಮಗು ತಾನಾಗಿ ಕಲಿಯಬೇಕೆಂಬುದು ಅವರ ಹಂಬಲ. ಬೆತ್ತ ಹಿಡಿದು ಉರುಹೊಡೆಸುವ ಕಲಿಕೆಯನ್ನು ಅವರು ಒಪ್ಪುತ್ತಿರಲಿಲ್ಲ. ತಾವೇ ಮಕ್ಕಳಿಗೆ ನಾಟಕ ಬರೆದರು, ತಾವೇ ಗೆಜ್ಜೆ ಕಟ್ಟಿ ಕುಣಿದು ಕಲಿಸಿದರು. ನಾಟ್ಯಕ್ಕೆಂದೇ ಒಂದು ಶಾಲೆಯನ್ನು ಕಟ್ಟಿದರು. ೧೯೩೬ರಲ್ಲಿ ಬಂಟರ ಮನೆತನದ ಲೀಲಾ ಅವರನ್ನು ಮದುವೆಯಾದರು. ಆ ಕಾಲಕ್ಕೆ ಅಂತರ್ಜಾತಿಯ ವಿವಾಹವೆಂದರೆ ಸಣ್ಣ ಮಾತಲ್ಲ. ಊರ ಬಾಯಿಗೆ ಅದೊಂದೇ ಸಾಕಾಗಿತ್ತು. ಮುಂದೆ ಆ ಗುಡ್ಡದ ಮನೆಯ ಕಷ್ಟಸುಖಗಳಲ್ಲಿ ಲೀಲಾ ಅವರ ಪಾಲು ಕಡಿಮೆಯದಲ್ಲ.

ಬಾಲವನದ ಶಾಲೆಯ ಪ್ರಯೋಗ ಬಹುಕಾಲ ನಡೆಯಲಿಲ್ಲ. ಕಾರಣವನ್ನು ಊಹಿಸುವುದು ಕಷ್ಟವಲ್ಲ. ಮಗ ಕುಣಿಯುವುದನ್ನು ಕಲಿತನೆಂದು ಹಿಗ್ಗುವ ತಂದೆತಾಯಿಗಳು ಈಗಲೂ ವಿರಳ. ಅವರಿಗೆ ಬೇಕಾದದ್ದು ಪರೀಕ್ಷೆ, ಪತ್ರ, ಒಂದು ನೌಕರಿ. ಅವರನ್ನು ದೂರಲು ನನಗೆ ಮನಸ್ಸಿಲ್ಲ. ಬಡವರ ಮನೆಯಲ್ಲಿ ಮಗುವಿನ ಓದು ಒಂದು ಪ್ರಯೋಗವಾಗಲಾರದು. ಹಾಗೆಂದು ಕಾರಂತರ ಪ್ರಯತ್ನ ಸೋತಿತು ಎಂದು ಬರೆದುಬಿಡುವುದೂ ಅವಸರದ ತೀರ್ಪೇ ಸರಿ.

ಏಕೆಂದರೆ ಅದೇ ವರ್ಷಗಳಲ್ಲಿ ಅವರು ಮತ್ತೊಂದು ಕೆಲಸವನ್ನು ಮಾಡುತ್ತಿದ್ದರು. ಮೂರು ಸಂಪುಟಗಳ ‘ಬಾಲಪ್ರಪಂಚ’, ಮಕ್ಕಳ ವಿಶ್ವಕೋಶ, ಹೊರಬಂದಿತು. ವಿಶ್ವಕೋಶವೆಂದರೆ ಹತ್ತಾರು ವಿದ್ವಾಂಸರು ಕೂಡಿ, ಸರ್ಕಾರದ ಹಣದಲ್ಲಿ, ಸಮಿತಿಯ ಮೇಲೆ ಸಮಿತಿ ನೇಮಿಸಿಕೊಂಡು ಮಾಡುವ ಕೆಲಸ. ಇಲ್ಲಿ ಒಬ್ಬನೇ ಕುಳಿತು ಸೂರ್ಯಚಂದ್ರರಿಂದ ಹಿಡಿದು ಹುಳುಹುಪ್ಪಟೆಗಳವರೆಗೆ ಕನ್ನಡದ ಮಗುವಿಗೆ ಚಿತ್ರಸಹಿತ ತಿಳಿಹೇಳಿದ. ವಿಜ್ಞಾನದ ಮಾತುಗಳಿಗೆ ಕನ್ನಡದಲ್ಲಿ ಹೆಸರೇ ಇಲ್ಲದಿದ್ದಾಗ ಹೆಸರನ್ನೂ ಹುಡುಕಬೇಕಾಯಿತು. ಬಾಲವನಕ್ಕೆ ಪುತ್ತೂರಿನ ಮಕ್ಕಳು ಮಾತ್ರ ಬರಬಹುದಾಗಿತ್ತು. ಈ ಸಂಪುಟಗಳು ಬೀದರಿನ ಮಗುವಿನ ಬಳಿಗೂ ತಾವಾಗಿಯೇ ಹೋಗಬಲ್ಲವಾಗಿದ್ದವು. ಬಾಗಿಲಿಗೆ ಬೀಗವಿಲ್ಲದ, ಊರೂರಿಗೆ ನಡೆದು ಬರುವ ವಸ್ತುಸಂಗ್ರಹಾಲಯವೆಂದು ನಾನು ಅದನ್ನು ಕರೆಯುತ್ತೇನೆ. ೧೯೫೯ರಿಂದ ಮುಂದೆ ದೊಡ್ಡವರಿಗಾಗಿ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವೂ ಬಂದಿತು. ಬಾಲವನದಲ್ಲಿಯೇ ಮುದ್ರಣಾಲಯವನ್ನು ನಡೆಸಿದರು. ಪುಸ್ತಕದ ಹೊದಿಕೆಯ ಚಿತ್ರವನ್ನೂ ತಾವೇ ಬರೆಯುತ್ತಿದ್ದರು.

ಇದು ನನ್ನನ್ನು ಏಕೆ ಇಷ್ಟು ಸೆಳೆಯಿತು ಎಂಬುದನ್ನು ಹೇಳಬೇಕು. ನಾನು ನಂಜನಗೂಡು ತಾಲ್ಲೂಕಿನ ಹೆಡತಲೆಯವನು. ನಮ್ಮೂರಲ್ಲಿ ಹೊಯ್ಸಳರ ಕಾಲದ ಲಕ್ಷ್ಮೀಕಾಂತ ದೇವಾಲಯವಿದೆ. ಮೂರು ಗರ್ಭಗುಡಿಗಳ ತ್ರಿಕೂಟ. ಅದರ ಸುತ್ತ ಕಣ್ಣಾಮುಚ್ಚಾಲೆ ಆಡಿಯೇ ನಾವು ಬೆಳೆದವರು. ಪಾಠದ ಪುಸ್ತಕದಲ್ಲಿ ಬೇಲೂರು ಹಳೇಬೀಡುಗಳ ಚಿತ್ರವಿತ್ತು, ಬಾಯಿಪಾಠ ಮಾಡಿ ಒಪ್ಪಿಸಿದೆವು. ನಾವು ಬೆನ್ನು ಒರಗಿಸಿ ನಿಲ್ಲುತ್ತಿದ್ದ ಕಂಬವೂ ಆ ಪಾಠಕ್ಕೇ ಸೇರಿದ್ದು ಎಂದು ಯಾರೂ ಹೇಳಲಿಲ್ಲ. ಮಗುವನ್ನು ಆ ಕಂಬದ ಬಳಿಗೆ ಕರೆದೊಯ್ದು ಮುಟ್ಟಿ ನೋಡಲು ಹೇಳುವ ಒಬ್ಬ ದೊಡ್ಡವನಿದ್ದರೆ ಸಾಕು, ಹಳ್ಳಿಯಲ್ಲಿಯೇ ವಸ್ತುಸಂಗ್ರಹಾಲಯ ಆರಂಭವಾದಂತೆ. ಪುತ್ತೂರಿನಲ್ಲಿ ಕಾರಂತರು ಅಂಥ ದೊಡ್ಡವರಾದರು.

ಕೇಂದ್ರ ಸರ್ಕಾರ ದೆಹಲಿಯಲ್ಲಿ ಬಾಲಭವನವನ್ನು ಸ್ಥಾಪಿಸಿದ್ದು ೧೯೫೬ರಲ್ಲಿ. ನೆಹರೂ ಅವರ ಆಸಕ್ತಿಯಿಂದ ಆದ ಆ ಕಾರ್ಯಕ್ಕೆ ಇಡೀ ದೇಶದ ಬೊಕ್ಕಸ ಹಿಂದಿತ್ತು. ಅದಕ್ಕೂ ಇಪ್ಪತ್ತು ವರ್ಷ ಮೊದಲೇ ಒಬ್ಬ ಬರಹಗಾರ ಪುಸ್ತಕ ಮಾರಿ ಬಂದ ಕಾಸಿನಲ್ಲಿ ಅದೇ ದಾರಿಯಲ್ಲಿ ನಡೆದಿದ್ದ. ನನ್ನ ಮಟ್ಟಿಗೆ ಬಾಲವನದ ಕೊರತೆ ಒಂದೇ: ಅದು ಒಬ್ಬರ ಹೆಗಲ ಮೇಲೆ ನಿಂತಿತ್ತು. ನಾಡಹಬ್ಬಕ್ಕೆ ಕೂಡಿದ ಊರು ಮಕ್ಕಳ ಶಾಲೆಗೂ ಹಾಗೆಯೇ ಕೂಡಿದ್ದರೆ, ಸಹಕಾರಿ ಸಂಘದಂತೆ ಮನೆಗೊಂದು ಪಾಲು ಹಾಕಿದ್ದರೆ, ಅದರ ಚರಿತ್ರೆ ಬೇರೆಯಾಗುತ್ತಿತ್ತೇನೋ.

ಮುಂದಿನದೆಲ್ಲ ನಾಡು ಬಲ್ಲ ಕಥೆ. ನಲವತ್ತಕ್ಕೂ ಹೆಚ್ಚು ಕಾದಂಬರಿಗಳು, ಯಕ್ಷಗಾನದ ಸಂಶೋಧನೆ, ‘ಮೂಕಜ್ಜಿಯ ಕನಸುಗಳು’ ಕೃತಿಗೆ ೧೯೭೭ರ ಜ್ಞಾನಪೀಠ. ತುರ್ತುಪರಿಸ್ಥಿತಿಯನ್ನು ಪ್ರತಿಭಟಿಸಿ ಪದ್ಮಭೂಷಣವನ್ನು ಹಿಂತಿರುಗಿಸಿದರು. ಕೈಗಾ ಅಣುಸ್ಥಾವರವನ್ನು ವಿರೋಧಿಸಿ ಎಂಬತ್ತೇಳರ ವಯಸ್ಸಿನಲ್ಲಿ ಲೋಕಸಭೆಯ ಚುನಾವಣೆಗೆ ನಿಂತು ಸೋತರು. ಸುಮಾರು ನಾಲ್ಕು ದಶಕ ಬಾಳಿದ ಪುತ್ತೂರನ್ನು ಬಿಟ್ಟು ಸಾಲಿಗ್ರಾಮಕ್ಕೆ ಹೋಗಿ ನೆಲೆಸಿದ್ದರು. ೧೯೯೭ರ ಡಿಸೆಂಬರಿನಲ್ಲಿ ತೀರಿಕೊಂಡರು. ನನ್ನ ಸಹಪಾಠಿಗಳಲ್ಲಿ ಯಾರೂ ಆಗ ಹುಟ್ಟಿರಲಿಲ್ಲ.

ಮೈಸೂರಿನಿಂದ ಮಡಿಕೇರಿ, ಸುಳ್ಯದ ಮಾರ್ಗವಾಗಿ ಬಸ್ಸಿನಲ್ಲಿ ಹೋದರೆ ಪುತ್ತೂರು ಸಿಗುತ್ತದೆ. ಕಾರಂತರ ಮನೆಯನ್ನು ಸರಿಪಡಿಸಿ ಸ್ಮಾರಕವಾಗಿ ಉಳಿಸಿದ್ದಾರೆ. ನಾಟ್ಯಶಾಲೆಯಿದೆ, ಗ್ರಂಥಾಲಯವಿದೆ. ಬಾಲವನವನ್ನು ಈಗ ಸರ್ಕಾರ ನೋಡಿಕೊಳ್ಳುತ್ತಿದೆ. ಆವರಣದಲ್ಲಿ ಈಜುಕೊಳವೊಂದಿದೆ, ಊರಿನ ಹುಡುಗ ಹುಡುಗಿಯರು ಅಲ್ಲಿ ಈಜು ಕಲಿಯುತ್ತಾರೆ.