ಸೋತ ಆಟದಲ್ಲಿ ಉಳಿದ ಹೆಸರು: ಫ್ರ್ಯಾಂಕ್ ಮಾರ್ಷಲ್

ಗೆದ್ದವರನ್ನು ಲೋಕವು ನೆನೆಯುವುದು ಸಹಜ. ಸೋತ ಆಟವೊಂದರಿಂದಲೇ ಹೆಸರು ಚಿರಸ್ಥಾಯಿಯಾಗುವುದು ಅಪೂರ್ವ. ಅಂಥ ಬಾಳು ಅಮೆರಿಕದ ಚದುರಂಗಪಟು ಫ್ರ್ಯಾಂಕ್ ಮಾರ್ಷಲ್ಲನದು.

1877ರಲ್ಲಿ ನ್ಯೂಯಾರ್ಕಿನಲ್ಲಿ ಜನಿಸಿದ ಆತನು ಬಾಲ್ಯವನ್ನು ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಕಳೆದು, ಹತ್ತರ ವಯಸ್ಸಿನಲ್ಲಿ ಈ ಆಟವನ್ನು ಕಲಿತನು. 1904ರ ಕೇಂಬ್ರಿಜ್ ಸ್ಪ್ರಿಂಗ್ಸ್ ಪಂದ್ಯಾವಳಿಯಲ್ಲಿ ಒಂದು ಆಟವನ್ನೂ ಸೋಲದೆ, 15ಕ್ಕೆ 13 ಅಂಕ ಗಳಿಸಿ, ವಿಶ್ವವಿಜೇತ ಲಾಸ್ಕರನನ್ನೂ ಹಿಂದಿಕ್ಕಿದನು. ಆದರೆ 1907ರಲ್ಲಿ ಅದೇ ಲಾಸ್ಕರನೊಡನೆ ವಿಶ್ವಪದವಿಗಾಗಿ ಸೆಣಸಿದಾಗ ಒಂದು ಗೆಲುವೂ ಒದಗಲಿಲ್ಲ. 1909ರಲ್ಲಿ ಕ್ಯೂಬಾದ ತರುಣ ಕಾಪಾಬ್ಲಾಂಕನು ಅವನನ್ನು ಒಂದು ಸೋಲಿಗೆದುರಾಗಿ ಎಂಟು ಗೆಲುವುಗಳಿಂದ ಪರಾಭವಗೊಳಿಸಿದನು. ಮಾರ್ಷಲ್ಲನು ಇದನ್ನು ವೈರವಾಗಿಸಲಿಲ್ಲ. 1911ರ ಸಾನ್ ಸೆಬಾಸ್ಟಿಯನ್ ಪಂದ್ಯಾವಳಿಗೆ ಆ ತರುಣನನ್ನು ಸೇರಿಸಿಕೊಳ್ಳಬೇಕೆಂದು ಒತ್ತಾಯಿಸಿದವರಲ್ಲಿ ಅವನೂ ಒಬ್ಬ. ಅದನ್ನು ಗೆದ್ದವನು ಕಾಪಾಬ್ಲಾಂಕನೇ.

1918ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಪಂದ್ಯಾವಳಿಯಲ್ಲಿ ಇಬ್ಬರೂ ಮತ್ತೆ ಎದುರಾದರು. ಬಿಳಿಯ ಕಾಯಿಗಳ ಕಾಪಾಬ್ಲಾಂಕನು ರೂಯ್ ಲೋಪೆಜ್ ಆರಂಭವನ್ನು ಆಯ್ದುಕೊಂಡನು. ಮೂರನೆಯ ನಡೆಯಲ್ಲಿಯೇ ಬಿಳಿಯ ಒಂಟೆಯು ಕಪ್ಪು ಕುದುರೆಯನ್ನು ಒತ್ತುವುದು ಅದರ ಲಕ್ಷಣ. ಎಂಟನೆಯ ನಡೆಯಲ್ಲಿ ಮಾರ್ಷಲ್ಲನು ಮಂತ್ರಿಯ ಮುಂದಿನ ಕಾಲಾಳನ್ನು ಎರಡು ಮನೆ ಮುನ್ನಡೆಸಿದನು. ಇದರಿಂದ ನಡುವಣ ಕಾಲಾಳೊಂದು ಎದುರಾಳಿಯ ಪಾಲಾಗುವುದು. ಪ್ರತಿಯಾಗಿ ಬಿಳಿಯ ರಾಜನ ಮೇಲೆ ಏರಿಹೋಗಲು ದಾರಿ ತೆರೆಯುವುದು. ಹಲವು ವರ್ಷ ಗುಟ್ಟಾಗಿಟ್ಟ ಅಸ್ತ್ರವಿದೆಂಬ ಕಥೆ ಪ್ರಚಲಿತವಾಗಿದ್ದರೂ ಅದಕ್ಕೆ ಖಚಿತ ಆಧಾರವಿಲ್ಲ. ಸಿದ್ಧಪಡಿಸಿ ತಂದ ದಾಳಿಯೆಂದು ಅರಿತೂ ಕಾಪಾಬ್ಲಾಂಕನು ಕಾಲಾಳನ್ನು ಸ್ವೀಕರಿಸಿ, ಆಕ್ರಮಣವನ್ನು ಶಾಂತಚಿತ್ತದಿಂದ ತಡೆದು, 36 ನಡೆಗಳಲ್ಲಿ ಜಯಶಾಲಿಯಾದನು.

ಆಟ ಮುಗಿಯಿತು, ಅದರ ವಿಚಾರ ಮುಗಿಯಲಿಲ್ಲ. ಹನ್ನೊಂದನೆಯ ನಡೆಯಲ್ಲಿ ಕುದುರೆಯನ್ನು ಹಿಂದಕ್ಕೆ ಕರೆಯದೆ, ಪಕ್ಕದ ಕಾಲಾಳಿನಿಂದ ಅದಕ್ಕೆ ಆಸರೆಯಿತ್ತರೆ ದಾಳಿಯು ಬಲಗೊಳ್ಳುವುದೆಂದು ಮುಂದೆ ತಿಳಿದುಬಂದಿತು. ಮಾರ್ಷಲ್ ಆಕ್ರಮಣವೆಂಬ ಹೆಸರು ಸ್ಥಿರವಾಯಿತು. 1965ರಲ್ಲಿ ಸ್ಪಾಸ್ಕಿಯು ತಾಲನ ಎದುರು ಅದನ್ನೇ ನೆಚ್ಚಿದನು. 2004ರಲ್ಲಿ ವಿಶ್ವಪದವಿಯ ಪಂದ್ಯದಲ್ಲಿ ಲೆಕೊ ಅದರಿಂದಲೇ ಕ್ರಾಮ್ನಿಕನನ್ನು ಒಂದು ಆಟದಲ್ಲಿ ಸೋಲಿಸಿದನು.

1909ರಿಂದ 1936ರವರೆಗೆ ಅಮೆರಿಕದ ವಿಜೇತನಾಗಿದ್ದು, 1931ರಿಂದ 1937ರ ನಡುವೆ ನಾಲ್ಕು ಒಲಿಂಪಿಯಾಡುಗಳಲ್ಲಿ ತನ್ನ ನಾಡಿನ ತಂಡದೊಡನೆ ಸ್ವರ್ಣವನ್ನು ಗಳಿಸಿದ ಮಾರ್ಷಲ್ಲನು 1944ರಲ್ಲಿ ನಿಧನನಾದನು. ಇಷ್ಟು ಗೆಲುವುಗಳಿದ್ದರೂ ಲೋಕವು ಅವನನ್ನು ಹೆಚ್ಚಾಗಿ ನೆನೆಯುವುದು ಆ ಒಂದು ಸೋಲಿನಿಂದ. ಉತ್ತರ ತಪ್ಪಾದಾಗಲೂ ಅದರಲ್ಲಿ ಹುದುಗಿರುವ ಹೊಸ ವಿಚಾರವನ್ನು ಗುರುತಿಸುವ ಕಣ್ಣು ಕಲಿಸುವವರಿಗಿರಬೇಕೆಂಬುದನ್ನು ಈ ಆಟವು ತೋರಿಸಿಕೊಡುತ್ತದೆ.